ಎಗ್ಮೋರಿನ ಸೊಟ್ಟ ಕಂಬಗಳು

ನನ್ನ ಓದು ಐದನೇ ಕ್ಲಾಸಿಗೇ ನಿಂತಿತು. ತಲೆಗೆ ಹೋಗಬೇಕಾದದ್ದೆಲ್ಲ ಆಮೇಲೆ ಮೂಗಿಗೆ ಹೋಯಿತೆಂದು ಕಾಣುತ್ತದೆ. ಹಾಲು ಕೆಡುವ ಮುಂಚೆಯೇ ನನಗೆ ವಾಸನೆ ಬರುತ್ತದೆ. ಇರುವುದು ಮಾಧವರಂನಲ್ಲಿ, ಹಾಲಿನ ಡೈರಿಯ ಪಕ್ಕದಲ್ಲೇ. ಆದರೂ ಪ್ರತಿ ಪ್ಯಾಕೆಟ್ಟನ್ನೂ ಮೂಸಿಯೇ ಒಳಗಿಡುತ್ತೇನೆ. ಮನುಷ್ಯರನ್ನು ಹಾಗೆ ಮೂಸಬಾರದು ಎಂದು ಗೊತ್ತಿದೆ. ಗೊತ್ತಿದ್ದೂ ಮೂಸುತ್ತೇನೆ, ಅದೂ ಒಡಹುಟ್ಟಿದವನನ್ನು.

ಮರಗೆಲಸ ಮಾಡುವ ನನ್ನ ತಮ್ಮ ಮಹೇಶನಿಗೆ ಎಗ್ಮೋರಿನ ಹೋಟೆಲೊಂದರಲ್ಲಿ ಮೊದಲ ಸ್ವಂತ ಕಾಂಟ್ರ್ಯಾಕ್ಟ್ ಸಿಕ್ಕಿತು. ಇಂಗ್ಲೆಂಡಿನ ಹಳೇ ಕಾಲದ ಪಬ್ಬಿನ ಹಾಗೆ, ಬಿಳಿ ಗೋಡೆಗಳ ನಡುವೆ ಕಪ್ಪು ಮರದ ಕಂಬ, ತೊಲೆಗಳಿರುವ ಹಾಲ್ ಮಾಡಿಕೊಡಬೇಕು. ಮಾಲೀಕರು ಮೆಚ್ಚಿದರೆ ಮುಂದಿನ ಕೆಲಸಗಳೂ ಇವನಿಗೇ. ಎಲ್ಲ ಸರಿ, ಆದರೆ ಅದು ಕುಡಿಯುವ ಜಾಗ. ಸಂಜೆ ಅವನು ಮನೆಗೆ ಬಂದು ಬಿಚ್ಚಿಟ್ಟ ಅಂಗಿ ಮೂಸಿದೆ. ಸ್ಪಿರಿಟ್ ವಾಸನೆ. “ಪಾಲಿಶ್‌ದು ಅಕ್ಕಾ,” ಅಂದ. ಕುಡಿದವರು ಇನ್ನೇನು ಹೇಳುತ್ತಾರೆ?

ಮಾಲೀಕರು ಕೆಲಸ ನೋಡಲು ಬರುವ ದಿನ ಊಟದ ಕ್ಯಾರಿಯರ್ ನೆಪ ಮಾಡಿಕೊಂಡು ಹೋದೆ. ಮಹೇಶ ಬಾಗಿಲಿನ ಹಿಡಿಕೆ ತರಲು ಸೌಕಾರ್‌ಪೇಟೆಗೆ ಹೋಗಿದ್ದ. ಒಳಗೆ ಕಾಲಿಟ್ಟು ಸುತ್ತ ನೋಡಿದೆ. ಒಂದು ಕಂಬವೂ ನೆಟ್ಟಗಿಲ್ಲ. ತೊಲೆ ನಡುವೆ ಬಾಗಿದೆ, ಬಾಗಿಲ ಚೌಕಟ್ಟು ಪಕ್ಕಕ್ಕೆ ವಾಲಿದೆ. ಎಲ್ಲಿಯೂ ಮೊಳೆಯಿಲ್ಲ, ಬರೀ ಮರದ ಗೂಟ. ಮೊಳೆಯ ದುಡ್ಡನ್ನೂ ಕುಡಿದಿರಬೇಕು. ಸಾಲದ್ದಕ್ಕೆ ಮರದ ತುಂಬ ಹುಳು ತಿಂದ ತೂತುಗಳು. ನಮ್ಮಪ್ಪನೂ ಬಡಗಿಯೇ. ಅವರು ನಿಲ್ಲಿಸಿದ ಕಂಬದ ಮುಂದೆ, ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ತೂಗುಗುಂಡಿನ ದಾರವೇ ಸೊಟ್ಟ ಕಾಣುತ್ತಿತ್ತು.

ವಾಲಿದ್ದನ್ನು ಎತ್ತಿ ನಿಲ್ಲಿಸಲು ನನ್ನಿಂದಾಗದು. ತೂತು ಮುಚ್ಚುವುದನ್ನು ಮಾತ್ರ ಅಪ್ಪನ ಪಕ್ಕ ಕೂತು ಕಲಿತಿದ್ದೆ. ಮೂಲೆಯಲ್ಲಿದ್ದ ಅಂಟಿಗೆ ಮರದ ಪುಡಿ ಕಲಸಿ, ಕೈಗೆಟಕಿದ ತೂತುಗಳಿಗೆಲ್ಲ ಮೆತ್ತಿ, ಸೆರಗಿನಿಂದ ಒರೆಸಿ ನುಣ್ಣಗೆ ಮಾಡಿದೆ. ತಮ್ಮನ ಮಾನ ಉಳಿಯಿತು ಅಂದುಕೊಳ್ಳುವಷ್ಟರಲ್ಲಿ ಅವನೂ ಮಾಲೀಕರೂ ಒಟ್ಟಿಗೇ ಬಂದರು.

ಮಾಲೀಕರು ಕಂಬ ಸವರಿ, “ಎನ್ನಪ್ಪಾ, ಪುದುಸಾ ಇರುಕ್ಕು,” ಅಂದರು. ಹೊಸದಾಗಿ ಕಾಣುತ್ತಿದೆ ಎನ್ನುವುದೇ ಅವರ ದೂರು. ಮಹೇಶ ಕಂಬ ನೋಡಿದ, ಅಂಟು ಮೆತ್ತಿದ ನನ್ನ ಬೆರಳು ನೋಡಿದ. ಆಮೇಲೆ ತಮಿಳಿನಲ್ಲಿ, ಇದು ಫಸ್ಟ್ ಕೋಟ್, ಇದರ ಮೇಲೇ ಹಳೇ ಕಳೆ ಬರುವುದು, ಮುಂದಿನ ವಾರ ನೋಡಿ ಎಂದು ತಣ್ಣಗೆ ಹೇಳಿದ. ಅವರು ತಲೆಯಾಡಿಸಿ ಹೋದರು.

“ಅಕ್ಕಾ, ಇಂಗ್ಲೆಂಡಲ್ಲಿ ಹಿಂದೆ ಹಸೀ ಮರದಲ್ಲೇ ಕಟ್ತಿದ್ರಂತೆ. ಒಣಗ್ತಾ ಒಣಗ್ತಾ ಮನೇನೇ ಸೊಟ್ಟ ಆಗೋದು. ಆ ಸೊಟ್ಟ ಬೇಕು ಅಂತ್ಲೇ ನನ್ನ ಕರ್ದಿರೋದು. ತೂತೆಲ್ಲ ನಾನೇ ಡ್ರಿಲ್ ಹಾಕಿದ್ದು.”

“ಹುಳ ಮಾಡೋ ಕೆಲ್ಸ ನೀನ್ಯಾಕೆ ಮಾಡ್ದೆ?”

“ಹುಳಕ್ಕೆ ನೂರಾರು ವರ್ಷ ಬೇಕು. ಇವರು ಕೊಟ್ಟಿರೋದು ಒಂದು ತಿಂಗಳು.”

ಅವನು ಮತ್ತೆ ತೂತು ಕೊರೆದ, ನಾನು ದೀಪ ಹಿಡಿದು ನಿಂತೆ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಇಂಥವನನ್ನು ಅನುಮಾನಿಸಿದೆನಲ್ಲ ಎಂದು ಬಸ್ಸಿನಲ್ಲಿ ಕಣ್ಣೊರೆಸಿಕೊಂಡೆ. ಆದರೆ ಇಳಿಯುವ ಹೊತ್ತಿಗೆ ಇನ್ನೊಂದು ಹೊಳೆಯಿತು. ನನ್ನನ್ನು ಕಾಪಾಡಲು ಎಷ್ಟು ಸಲೀಸಾಗಿ ಸುಳ್ಳು ಹೇಳಿದ. ಅಷ್ಟು ಸಲೀಸು ಒಂದೇ ದಿನಕ್ಕೆ ಬರುವಂಥದ್ದಲ್ಲ.

ಸಂಜೆ ಅವನ ಅಂಗಿಯನ್ನು ಮತ್ತೆ ಮೂಸಿದೆ.