ಕರೆಂಟ್ ಸೀಟೂ ಸೊರಬದ ಬೀಗರೂ

ಗಾಡಿಗಳಲ್ಲಿ ಏನೇ ಹೊಸತು ಬರಲಿ, ಅದು ಕೆಡಲು ನಮ್ಮ ಶಿಕಾರಿಪುರವನ್ನೇ ಹುಡುಕಿಕೊಂಡು ಬರುತ್ತದೆ. ಲಾರಿ, ಪಿಕಪ್‌ಗಳ ವೈರಿಂಗ್ ರಿಪೇರಿ ನನ್ನ ಕಸುಬು. ‘ಗೊತ್ತಿಲ್ಲ’ ಎನ್ನುವುದೊಂದು ಬಿಟ್ಟು ಉಳಿದದ್ದೆಲ್ಲ ನನಗೆ ಬರುತ್ತದೆ.

೧. ಹಸಿರು ಮೇವು

ಈಸೂರು ಕಡೆಯ ಕುರಿ ವ್ಯಾಪಾರಿಯೊಬ್ಬರು ದೊಡ್ಡದೊಂದು ಪಿಕಪ್ ಕೊಂಡಿದ್ದರು. ಡ್ರೈವರ್ ಸೀಟಿಗೆ ಮೋಟಾರು. ಸ್ವಿಚ್ಚು ತಳ್ಳಿದರೆ ಸೀಟು ಹಿಂದೆ ಮುಂದೆ ಸರಿಯಬೇಕು.

“ಕರೆಂಟ್ ಸೀಟು ನಿಂತೈತ್ರಿ,” ಎಂದರು.

ಅಂಥ ಸೀಟು ನಾನು ನೋಡಿದ್ದು ಅದೇ ಮೊದಲು. “ವಾರಕ್ಕೆ ನಾಲ್ಕು ಮಾಡ್ತೀನಿ,” ಎಂದು ಸೀಟಿನ ಕೆಳಗೆ ತಲೆ ತೂರಿಸಿದೆ. ಮೋಟಾರಿಗೆ ಹೋಗುವ ಎರಡು ಹಸಿರು ವೈರುಗಳು ಮಾಯ. ಕೆಂಪು ವೈರಿಗೆ ಏನೂ ಆಗಿರಲಿಲ್ಲ. ಸುತ್ತ ಕುರಿ ಹಿಕ್ಕೆ.

“ಇಲ್ಲಿ ಮರಿ ಮಲಗಿಸಿದ್ರಾ?”

“ಚಳಿ ಇತ್ತಲ್ರೀ. ಹಸಿರು ಕಂಡ್ರ ನಮ್ಮ ಮರಿ ಬಿಡಂಗಿಲ್ಲ,” ಎಂದರು, ಮಗ ಫಸ್ಟ್ ಕ್ಲಾಸಲ್ಲಿ ಪಾಸಾದಷ್ಟು ಹೆಮ್ಮೆಯಿಂದ.

೨. ಕಳ್ಳರಿಗೆಂದೇ

ಈ ಸೀಟಿನ ವಿದ್ಯೆ ಇಷ್ಟೇ: ಆ ಎರಡು ವೈರಿನಲ್ಲಿ ಕರೆಂಟು ಒಂದು ಕಡೆಯಿಂದ ಹರಿದರೆ ಸೀಟು ಮುಂದೆ, ತಿರುಗಿ ಹರಿದರೆ ಹಿಂದೆ. ತಿರುಗಿಸುವುದು ಸ್ವಿಚ್ಚಿನ ಕೆಲಸ. ಹೊಸ ವೈರು ಜೋಡಿಸುವಾಗ ನಾನು ಅದಲುಬದಲು ಮಾಡಿ, ಸ್ವಿಚ್ಚಿಗೆ ಆ ತೊಂದರೆಯನ್ನೂ ತಪ್ಪಿಸಿದ್ದೆ.

“ಏನ್ರೀ ಇದು, ಹಿಂದಕ್ಕ ತಳ್ಳಿದ್ರ ಮುಂದಕ್ಕ ಹೊಕ್ಕತಿ?”

ತಪ್ಪು ಒಪ್ಪಿದರೆ ಮತ್ತೆ ಸೀಟು ಬಿಚ್ಚಬೇಕು. “ಬೇಕಂತಲೇ ಮಾಡಿದ್ದು. ಕಳ್ಳ ಬಂದು ಕೂತರೆ ಸಿಕ್ಕಿಹಾಕ್ಕೋಬೇಕು,” ಎಂದೆ.

“ಎಂಥಾ ತಲೀರಿ ನಿಮ್ಮದು,” ಎಂದು ಕೈಮುಗಿದು ಹೋದರು.

೩. ಐದು ನಿಮಿಷ

ಅದೇ ಗಾಡಿಯಲ್ಲಿ ಅವರು ಮಗಳಿಗೆ ನೋಡಿದ್ದ ಗಂಡಿನ ಮನೆಗೆ, ಸೊರಬಕ್ಕೆ ಹೋದರು. ನಾಲ್ಕು ಸಂಬಂಧ ತಪ್ಪಿ ಇದು ಐದನೆಯದು. ಅವತ್ತು ಮಾತು ಗಟ್ಟಿಯಾಗಬೇಕಿತ್ತು.

ಹುಡುಗನ ತಂದೆ ತುಂಬು ಹೊಟ್ಟೆಯವರು. ಗಾಡಿ ನೋಡುತ್ತೇನೆಂದು ಹತ್ತಿ ಕೂತು, ಕಾಲು ಚಾಚಲು ಸ್ವಿಚ್ಚನ್ನು ಹಿಂದಕ್ಕೆ ತಳ್ಳಿದರು. ಸೀಟು ಮುಂದೆ ಬಂತು. ಗಾಬರಿಯಾಗಿ ಇನ್ನಷ್ಟು ಹಿಂದಕ್ಕೆ ತಳ್ಳಿದರು. ಹೊಟ್ಟೆ ಸ್ಟೀರಿಂಗಿಗೆ ಒತ್ತಿಕೊಂಡು ಹಾರ್ನು ಬಡಿದುಕೊಳ್ಳತೊಡಗಿತು. ಕೇರಿಯೇ ಸೇರಿತು. ಒಳಗೆ ಕಾಫಿ ಕುಡಿಯುತ್ತಿದ್ದ ವ್ಯಾಪಾರಿ ಓಡಿಬಂದು ಸ್ವಿಚ್ಚನ್ನು ಸರಿಯಾದ ಕಡೆಗೆ, ಅಂದರೆ ತಪ್ಪು ಕಡೆಗೆ, ತಳ್ಳಿದರು. ಸೀಟು ಅಲ್ಲಾಡಲಿಲ್ಲ.

ನನಗೆ ಫೋನ್ ಬಂತು. “ಮೋಟಾರಿಗೆ ಭಾರ ಜಾಸ್ತಿಯಾಗಿ ಬ್ರೇಕರ್ ಬಿಸಿಯಾಗಿದೆ, ಕರೆಂಟ್ ಕಡಿದಿದೆ. ಐದು ನಿಮಿಷ ಬಿಡಿ. ತಣ್ಣಗಾದರೆ ತಾನೇ ಬರುತ್ತೆ,” ಎಂದೆ.

ಹಾರ್ನಿನ ನಡುವೆ ಬೀಗರ ಕ್ಷೀಣ ದನಿ ಕೇಳಿತು: “ಇದೆಂತ ಸೀಟು ಮಾರಾಯ್ರೆ, ಯಾಕೆ ಹೀಗೆ ಮಾಡ್ತದೆ?”

ವ್ಯಾಪಾರಿ ಇಡೀ ಕೇರಿಗೆ ಕೇಳುವಂತೆ ಧೈರ್ಯ ಹೇಳಿದರು: “ಹೆದರಬ್ಯಾಡ್ರಿ ಬೀಗರ. ಕಳ್ಳರು ಕುಂತ್ರ ಅದು ಹಿಂಗ ಹಿಡೀತೈತಿ.”

ಆ ಐದು ನಿಮಿಷದಲ್ಲಿ ತಣ್ಣಗಾದದ್ದು ಬ್ರೇಕರ್ ಒಂದೇ.

ಹುಡುಗ ಹುಡುಗಿ ಮೊದಲೇ ಒಪ್ಪಿದ್ದರಿಂದ ಸಂಬಂಧವೇನೋ ಉಳಿಯಿತು. ಬೀಗರು ವರದಕ್ಷಿಣೆ, ವರೋಪಚಾರ ಏನನ್ನೂ ಕೇಳಲಿಲ್ಲ. ಒಂದೇ ಷರತ್ತು: ಮದುವೆ ಚಪ್ಪರದ ಲೈಟಿನ ವೈರು ಯಾರಾದರೂ ಎಳೆಯಲಿ, ಆ ಶಿಕಾರಿಪುರದವನು ಊಟಕ್ಕೆ ಬಂದರೂ ಕೈ ಕಟ್ಟಿಕೊಂಡೇ ಕೂರಬೇಕು.