ಗೇಟಿನ ಕುರ್ಚಿ

ಮೌನಪ್ಪನ ಫಜೀತಿಗೆ ಮೂಲ ಒಂದು ಪ್ಲಾಸ್ಟಿಕ್ ಕುರ್ಚಿ. ಬಾಲಾನಗರದ ಕಾರ್ಖಾನೆಯಲ್ಲಿ ಕಬ್ಬಿಣ ಹೊತ್ತು ಹೊತ್ತು ಭುಜ ಉಳುಕಿದಾಗ, ವಾಸಿಯಾಗುವ ತನಕ ಇರಲಿ ಎಂದು ಮಾಲೀಕರು ಅವನನ್ನು ಗೇಟಿನಲ್ಲಿ ಕೂರಿಸಿದ್ದರು. ಭುಜ ವಾಸಿಯಾಯಿತು. ಆದರೆ ಯಾದಗಿರಿಯಿಂದ ಬಂದಾಗಿನಿಂದ ಭಾರ ಬಿಟ್ಟು ಬೇರೇನೂ ಕಾಣದ ಆ ಮೈಗೆ ಕುರ್ಚಿಯ ರುಚಿ ಹತ್ತಿಬಿಟ್ಟಿತ್ತು. ಇಂದು ಆಸ್ಪತ್ರೆಯಲ್ಲಿ ಪರೀಕ್ಷೆ. ತೋಳು ಗಟ್ಟಿ ಎಂದರೆ ನಾಳೆಯಿಂದ ಮತ್ತೆ ಕಬ್ಬಿಣ.

ಪಕ್ಕದ ಮನೆಯ ಸೂಗಪ್ಪ ಬೆಳಗ್ಗೆಯೇ ಬಂದು ನರಳುವುದನ್ನು ಕಲಿಸಿದ. "ಹಲ್ಲು ಕಚ್ಚು ಮಾವಾ. ಕಣ್ಣಾಗ ನೀರು ಬರಬೇಕು. ಹಾಂ, ಈಗ 'ಯವ್ವಾ' ಅನ್ನು."

"ಹಡಿಯೋ ಹೆಂಗಸಿನಂಗ ಕಾಣಾಕತ್ತೀರಿ," ಎಂದಳು ಹೆಂಡತಿ ಹುಸೇನಮ್ಮ, ರೊಟ್ಟಿ ತಟ್ಟುತ್ತಲೇ.

ಸೂಗಪ್ಪ ಆಸ್ಪತ್ರೆಗೂ ಬೆನ್ನು ಬಿಡಲಿಲ್ಲ. ಡಾಕ್ಟರ್ ಮಂದಾಕಿನಿ ಮೌನಪ್ಪನ ತೋಳು, ಭುಜಕ್ಕೆಲ್ಲ ವೈರು ಅಂಟಿಸಿದರು.

"ಕೇಳ್ರಿ ಮೌನಪ್ಪ. ಸಣ್ಣ ತೂಕ ಎತ್ತಿದ್ರ ಸ್ನಾಯುದಾಗ ಸ್ವಲ್ಪೇ ಎಳಿ ಕೆಲಸ ಮಾಡ್ತಾವ. ಭಾರ ಹೆಚ್ಚಾದಂಗ ಉಳಿದವೂ ಏಳ್ತಾವ. ದಪ್ಪನ್ನವು ಎಲ್ಲಾಕಿಂತ ಕಡೀಗೆ. ಎಷ್ಟು ಎದ್ದಾವ ಅನ್ನೂದು ಈ ಪರದಿ ಮ್ಯಾಲೆ ಕಾಣ್ತೈತಿ."

ನಮ್ಮ ಕಾರ್ಖಾನೆಯೂ ಹೀಗೆಯೇ, ದಪ್ಪನೆಯವರು ಏಳುವುದು ಕೊನೆಗೇ, ಎಂದುಕೊಂಡ ಮೌನಪ್ಪ. ಇವತ್ತೊಂದು ದಿನ ತನ್ನ ತೋಳಿನ ಎಳೆಗಳು ಮಲಗಿಯೇ ಇರಲಿ ಎಂದು ಮೈಲಾರಲಿಂಗನಿಗೆ ಹರಕೆ ಹೊತ್ತ.

ಸಣ್ಣ ತೂಕಕ್ಕೆ ಪರದೆಯ ಗೀಟು ಮಿಸುಕಿತು. ದೊಡ್ಡದಕ್ಕೆ ಮೌನಪ್ಪ ಕೈ ಸಡಿಲ ಬಿಟ್ಟು, ಕಲಿತ ಮುಖ ಮಾಡಿ "ಯವ್ವಾ!" ಎಂದ. ಗೀಟು ಆಗಲೂ ಅಷ್ಟೇ ಮಿಸುಕಿತು.

"ಪಾಪ, ಏಳವಲ್ಲವು," ಎಂದರು ಡಾಕ್ಟರು. "ನಿಮಗ ಗೇಟಿನ ಕೆಲಸಾನ ಚಲೋ."

ಸೂಗಪ್ಪ ಖುಷಿ ತಾಳದೆ ಅವರಿಗೆ ದೊಡ್ಡದಾಗಿ ಕೈ ಮುಗಿಯಲು ಹಿಂದಕ್ಕೆ ಸರಿದ. ಅವನ ಬೆನ್ನು ತಾಗಿ, ಸ್ಟ್ಯಾಂಡಿನ ಮೇಲಿದ್ದ ತುಂಬಿದ ನೀರಿನ ಕ್ಯಾನು ಡಾಕ್ಟರ ಕಾಲಿನತ್ತ ವಾಲಿತು. ಬೀಳುವ ಭಾರವನ್ನು ನೆಲಕ್ಕೆ ಬಿಡುವುದು ಹಮಾಲನ ಕೈಗೆ ಗೊತ್ತಿಲ್ಲ. ಮೌನಪ್ಪ ವೈರುಗಳ ಸಮೇತ ಹಾರಿ, ಒಂದೇ ಕೈಯಲ್ಲಿ ಹಿಡಿದು ಎತ್ತಿಟ್ಟ. ಪರದೆಯ ತುಂಬ ಗೀಟುಗಳು ಮುಳ್ಳುಹಂದಿಯ ಮುಳ್ಳಿನಂತೆ ಎದ್ದು ನಿಂತವು.

ಡಾಕ್ಟರು ಬಯ್ಯಲಿಲ್ಲ. ಅದೇ ಮೌನಪ್ಪನಿಗೆ ಹೆಚ್ಚು ನಾಚಿಕೆ ತಂದಿತು.

"ಎಲ್ಲಾವೂ ಎದ್ದಾವ ನೋಡ್ರಿ," ಎಂದು, ಭಾರದ ಕೆಲಸಕ್ಕೆ ಅಡ್ಡಿಯಿಲ್ಲವೆಂದು ಬರೆದು ಸಹಿ ಹಾಕಿದರು.

ಆಗಲೇ, ಕ್ಯಾನು ಎತ್ತಿದ್ದ ಅವನ ಭುಜದೊಳಗೆ ಏನೋ ಹರಿದಂತಾಯಿತು. ಈ ನೋವು ಯಾರೂ ಕಲಿಸಿದ್ದಲ್ಲ. ಮೌನಪ್ಪ ಹಲ್ಲು ಕಚ್ಚಿದ, ಕಣ್ಣಲ್ಲಿ ನೀರು ಬಂತು.

"ಯವ್ವಾ!"

ಸೂಗಪ್ಪ ಅವನ ಕಿವಿಯ ಹತ್ತಿರ ಬಾಗಿದ. "ಸಾಕು ಬಿಡು ಮಾವಾ. ಇನ್ಯಾಕ? ಸಹಿ ಆತು."