ಖಾಲಿ ಬಿಡಬಾರದ ಕಾಲಂ

ಆ ಶುಕ್ರವಾರ ಬೆಳಿಗ್ಗೆ ರವೀಶ ತನ್ನ ಪಾಸ್‌ವರ್ಡ್ ಬದಲಾಯಿಸದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ತೊಂಬತ್ತು ದಿನ ತುಂಬಿತು, ಬದಲಾಯಿಸು ಎಂದು ಕಂಪ್ಯೂಟರು ಹಟ ಹಿಡಿದಿತ್ತು. ಹತ್ತು ಗಂಟೆಗೆ ಬದಲಾಯಿಸಿದ. ಹತ್ತೂಕಾಲಿಗೆ ಮೂಲೆಯಲ್ಲಿದ್ದ ಸರ್ವರ್ ಪೆಟ್ಟಿಗೆ ಹಸಿದ ಕರುವಿನ ಹಾಗೆ ಕೂಗತೊಡಗಿತು.

ಹಿನ್ನೀರು ಜೇನು ಸಹಕಾರ ಸಂಘದ ಹೊಸನಗರ ಶಾಖೆಯ ಕಡತಗಳೆಲ್ಲ ಇರುವುದು ಒಂದೇ ಕಡೆ, ಶೇರ್ ಡ್ರೈವ್ ಎಂದು ಕರೆಯುವ ಸಾಮೂಹಿಕ ಜಾಗದಲ್ಲಿ. ಅವನ್ನು ಗಂಟೆಗೊಮ್ಮೆ ನಕಲು ತೆಗೆದು ಜೋಪಾನ ಮಾಡಲು ಸರ್ವರಿನಲ್ಲೊಂದು ಸಾಫ್ಟ್‌ವೇರ್ ಇದೆ. ನಾಲ್ಕು ವರ್ಷದ ಹಿಂದೆ ಅದನ್ನು ಕೂರಿಸುವಾಗ ರವೀಶ ಅವಸರಕ್ಕೆ ತನ್ನದೇ ಹೆಸರು, ತನ್ನದೇ ಪಾಸ್‌ವರ್ಡ್ ಕೊಟ್ಟಿದ್ದ. ಅಲ್ಲಿಂದ ಅದು ಇವನ ವೇಷ ಹಾಕಿಕೊಂಡೇ ಡ್ರೈವಿನೊಳಗೆ ಹೋಗಿಬರುತ್ತಿತ್ತು. ಈಗ ಹಳೆಯ ಪಾಸ್‌ವರ್ಡ್ ನಡೆಯದೆ ಬಾಗಿಲಲ್ಲೇ ನಿಂತಿತ್ತು.

ಬೇರೆ ದಿನವಾಗಿದ್ದರೆ ಹೊಸ ಪಾಸ್‌ವರ್ಡ್ ತುಂಬಿ ಸುಮ್ಮನಾಗುತ್ತಿದ್ದ. ಆದರೆ ಸಾಗರದ ಮುಖ್ಯ ಕಚೇರಿಯಲ್ಲಿ ಒಂದು ಜಾಗ ಖಾಲಿಯಿತ್ತು. ಅದನ್ನು ಅವತ್ತು ಸಂಜೆ ಐದಕ್ಕೆ ತುಂಬುವವರಿದ್ದರು. ರವೀಶನ ಹೆಂಡತಿ, ಮಗಳು ಇರುವುದು ಸಾಗರದಲ್ಲಿ. ಅವನು ಮನೆ ಕಾಣುವುದು ವಾರಕ್ಕೊಮ್ಮೆ. ಮೂರು ವರ್ಷ ವರ್ಗಾವಣೆ ಅರ್ಜಿ ತುಂಬಿ ತುಂಬಿ ಅವನ ಕೈಗೇ ಅದು ಬಾಯಿಪಾಠವಾಗಿತ್ತು. ಸೈಕಲ್ ಕಲಿಯಬೇಕಾದ ಮಗಳು ಬಿಂದು, "ಅಪ್ಪ ಹಿಂದೆ ಹಿಡ್ಕೊಳ್ಳೋ ತನಕ ನಾ ಹತ್ತಲ್ಲ" ಎಂದು ಮುಷ್ಕರ ಹೂಡಿದ್ದಳು. ಈಗ ಬೇಕಾಗಿದ್ದದ್ದು ಒಂದೇ ಪತ್ರ: 'ಈ ಶಾಖೆಯ ಯಾವ ಕೆಲಸವೂ ಇವರ ಹೆಸರನ್ನು ಅವಲಂಬಿಸಿಲ್ಲ.' ಶಾಖೆಯ ಮ್ಯಾನೇಜರ್ ಹೇಮಾವತಿ ಅದಕ್ಕೆ ಸಹಿ ಹಾಕಲು ಪೆನ್ನು ಬಿಚ್ಚಿದ್ದರು.

"ಎಂತ ಅದು ಕೂಗ್ತಿರೋದು?"

"ನಕಲು ನಿಂತಿದೆ ಮೇಡಂ. ಅದು ನನ್ನ ಹೆಸರಲ್ಲಿ ಡ್ರೈವಿಗೆ ಹೋಗ್ತಿತ್ತು..."

ಪೆನ್ನಿನ ಮುಚ್ಚಳ ಮತ್ತೆ ಕೂತಿತು. "ಹಂಗಾರೆ ಒಂದು ಕೆಲಸ ನಿಮ್ಮ ಹೆಸರಲ್ಲಿದೆ ಅಂತಾಯ್ತು. ವರ್ಗ ಆದೋರ ಹೆಸರನ್ನ ಅವತ್ತು ಸಂಜೆಗೇ ಡ್ರೈವಿಂದ ತೆಗೀಬೇಕು, ನಿಯಮ. ಆಮೇಲೆ ನಕಲು ಯಾರು ಮಾಡ್ತಾರೆ, ನಾನಾ?"

"ಸಾಫ್ಟ್‌ವೇರಿಗೇ ಬೇರೆ ಹೆಸರು ಮಾಡ್ತೀನಿ ಮೇಡಂ. ಸರ್ವಿಸ್ ಅಕೌಂಟ್ ಅಂತ. ಮನುಷ್ಯರದ್ದಲ್ಲ. ಅದಕ್ಕೆ ಡ್ರೈವಿಗೆ ಹೋಗೋಕೆ ನೀವು ಅನುಮತಿ ಕೊಟ್ರೆ ಎರಡು ನಿಮಿಷದ ಕೆಲಸ."

"ಕೊಡಾಣ. ಫಾರಂ ತುಂಬಿ ತನ್ನಿ."

ಫಾರಂಗಳು ಗುಮಾಸ್ತೆ ಶ್ಯಾಮಲಕ್ಕನ ಬೀರುವಿನಲ್ಲಿದ್ದವು. ಜೇನುಹುಳ ತುಪ್ಪ ಕಾದ ಹಾಗೆ ಅವರು ಅವನ್ನು ಕಾಯುತ್ತಿದ್ದರು. ಕೊಟ್ಟದ್ದು 'ಸಿಬ್ಬಂದಿ ವಿವರ ನಮೂನೆ'.

"ಶ್ಯಾಮಲಕ್ಕ, ಇದು ನೌಕರರದ್ದು."

"ಇರೋದೇ ಇದೊಂದು. ಮನುಷ್ಯರಿಗೆ ಬೇರೆ, ಪೆಟ್ಟಿಗೆಗೆ ಬೇರೆ ಅಂತ ಅಚ್ಚು ಹಾಕ್ಸಿಲ್ಲ ಮಾರಾಯ್ರೆ. ಒಂದು ಕಾಲಂ ಖಾಲಿ ಬಿಟ್ರೂ ಸಾಗರದಿಂದ ವಾಪಸ್ ಬರತ್ತೆ."

ಹೆಸರಿನ ಜಾಗದಲ್ಲಿ ರವೀಶ, ಸರ್ವಿಸ್ ಎಂಬುದನ್ನು ಚಿಕ್ಕದು ಮಾಡಿ, 'ಎಸ್‌ವಿಸಿ ಕಾಪಿ' ಎಂದು ಬರೆದ. ಶ್ಯಾಮಲಕ್ಕ ಬಗ್ಗಿ ನೋಡಿದರು. "ಇನಿಶಿಯಲ್ ಮಧ್ಯೆ ಚುಕ್ಕಿ ಇಡಿ." ಇಟ್ಟ. ತಂದೆಯ ಹೆಸರಿಗೆ ಬಂದು ಕೈ ನಿಂತಿತು.

"ಅದನ್ನ ಹುಟ್ಟಿಸಿದ್ದು ಯಾರು?"

"ನಾನೇ."

"ಹಂಗಾರೆ ನಿಮ್ಮ ಹೆಸರೇ ಬರೀರಿ. ನಾಚಿಕೆ ಎಂತಕ್ಕೆ?"

ಭಾವಚಿತ್ರಕ್ಕೆ ಪೆಟ್ಟಿಗೆಯ ಫೋಟೋ ತೆಗೆದದ್ದಾಯಿತು. ಎರಡೂ ಕಿವಿ ಕಾಣಬೇಕೆಂಬ ನಿಯಮಕ್ಕೆ ಎರಡು ಬದಿಯ ಸ್ಕ್ರೂಗಳು ಸಾಕೆಂದು ಶ್ಯಾಮಲಕ್ಕ ಒಪ್ಪಿದರು. ನಾಲ್ಕು ವರ್ಷದಲ್ಲಿ ಪಡೆದ ರಜೆ: ಸೊನ್ನೆ. "ನೋಡಿ, ನಮ್ಮಲ್ಲಿ ಇಂಥೋರು ಒಬ್ರೂ ಇಲ್ಲ" ಎಂದು ಅವರು ಇಡೀ ಕಚೇರಿಗೆ ಕೇಳುವಂತೆ ಹೇಳಿದರು.

ಕೊನೆಯ ಕಾಲಂ 'ಕೆಲಸ ಮಾಡಲು ಇಚ್ಛಿಸುವ ಊರು'. ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ರವೀಶನ ಕಣ್ಣು ಗಡಿಯಾರದ ಮೇಲಿತ್ತು. ಕೈ ಮೂರು ವರ್ಷದ ಅಭ್ಯಾಸದಂತೆ ತಾನೇ 'ಸಾಗರ' ಎಂದು ಬರೆದು ಕೆಳಗೆ ಸಹಿಯನ್ನೂ ಹಾಕಿತು.

ಫಾರಂ ಮೇಲ್‌ನಲ್ಲಿ ಹೋಯಿತು. ಅವನ ಅರ್ಜಿ ಮೂರು ವರ್ಷದಲ್ಲಿ ಒಂದು ಮೇಜೂ ದಾಟಿರಲಿಲ್ಲ. ಇದಕ್ಕೆ ನಲವತ್ತೇ ನಿಮಿಷದಲ್ಲಿ ಒಪ್ಪಿಗೆ ಬಂತು. ಹೇಮಾವತಿ ಮೇಡಂ ಡ್ರೈವಿನ ಪಟ್ಟಿಗೆ ಹೊಸ ಹೆಸರು ಸೇರಿಸಿದರು. ಪೆಟ್ಟಿಗೆ ಹಾಲು ಕುಡಿದ ಮಗುವಿನಂತೆ ಸುಮ್ಮನಾಯಿತು. ರವೀಶನ ಪತ್ರಕ್ಕೂ ಸಹಿ ಬಿತ್ತು, ಅದೂ ಸಾಗರಕ್ಕೆ ಹೋಯಿತು. ಶ್ಯಾಮಲಕ್ಕ ಎಲ್ಲರಿಂದ ದುಡ್ಡು ಎತ್ತಿ ಒಂದು ಸೇವಂತಿಗೆ ಮಾಲೆ, ಒಂದು ಕಿಲೋ ಜಿಲೇಬಿ ತರಿಸಿದರು. ರವೀಶ ಮಗಳಿಗೆ ಫೋನ್ ಮಾಡಿ, "ಸೈಕಲ್ ಒರೆಸಿಟ್ಕೋ ಪುಟ್ಟಿ" ಎಂದ.

ಐದು ಗಂಟೆಗೆ ಆದೇಶ ಬಂತು. ಹೇಮಾವತಿ ಮೇಡಂ ಎದ್ದು ನಿಂತು ಓದಿದರು. "ಹೊಸನಗರ ಶಾಖೆಯ ಎಸ್.ವಿ.ಸಿ. ಕಾಪಿ, ತಂದೆ ರವೀಶ್, ಇವರನ್ನು ಸಾಗರ ಮುಖ್ಯ ಕಚೇರಿಯ ಖಾಲಿ ಜಾಗಕ್ಕೆ ವರ್ಗಾಯಿಸಲಾಗಿದೆ."

ಜಿಲೇಬಿ ಹಿಡಿದ ಕೈಗಳು ಬಾಯಿಯ ಹತ್ತಿರವೇ ನಿಂತವು. ರವೀಶ ಸಾಗರದಲ್ಲಿ ಸಿಬ್ಬಂದಿ ವಿಭಾಗ ನೋಡುವ ಕನ್ನಪ್ಪನವರಿಗೆ ಫೋನ್ ಮಾಡಿದ.

"ಸರ್, ಅದು ಮನುಷ್ಯ ಅಲ್ಲ. ಸಾಫ್ಟ್‌ವೇರ್."

"ಗೊತ್ತು ಮಾರಾಯ, ಫೋಟೋ ನೋಡಿದ್ರೆ ತಿಳಿಯಲ್ವಾ? ಆದ್ರೆ ಸಾಗರ ಬೇಕು ಅಂತ ಇಬ್ಬರು ಬರೆದಿದ್ರಿ. ರಜೆ ಕಮ್ಮಿ ಹಾಕಿದೋರಿಗೆ ಮೊದಲು ಅಂತ ನಿಯಮ. ಅದರದ್ದು ಸೊನ್ನೆ. ನಿಂದು ಮಗಳಿಗೆ ಜ್ವರ ಅಂತ ಹನ್ನೊಂದು ದಿನ."

"ರದ್ದು ಮಾಡಿ ಸರ್."

"ವರ್ಗ ಬೇಡ ಅಂತ ಅವರೇ ಬರೆದು ಕೊಡ್ಬೇಕು. ಇನ್ನೊಬ್ಬರು ಹೇಳಿದ್ರೆ ನಡೆಯಲ್ಲ."

ಫೋನ್ ಇಡುವಷ್ಟರಲ್ಲಿ ಪೆಟ್ಟಿಗೆ ಮತ್ತೆ ಕೂಗಿತು. ಹೇಮಾವತಿ ಮೇಡಂ ಮೌಸ್ ಮೇಲಿಂದ ಕೈ ತೆಗೆದರು. "ವರ್ಗ ಆದೋರ ಹೆಸರು ಸಂಜೆಗೇ ತೆಗೀಬೇಕಲ್ಲ, ತೆಗೆದೆ. ಈಗ ನಕಲು ನಿಂತಿದೆ ನೋಡಿ. ಮೊದಲಿನ ಹಾಗೆ ನಿಮ್ಮ ಹೆಸರೇ ಹಾಕಿ ರವೀಶ್."

"ಹಾಕಿದ್ರೆ ಮತ್ತೆ ಒಂದು ಕೆಲಸ ನನ್ನ ಹೆಸರಲ್ಲಿ ಆಗತ್ತೆ ಮೇಡಂ. ಮುಂದಿನ ಸಲ ನನಗೆ ಪತ್ರ..."

"ಅದು ಮುಂದಿನ ಸಲದ ಮಾತು. ಈಗ ಆ ಕೂಗು ನಿಲ್ಲಿಸಿ."

ರವೀಶ ಬೆಳಿಗ್ಗೆ ಮಾಡಿದ ಹೊಸ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಒತ್ತಿದ. ಪೆಟ್ಟಿಗೆ ಅವನ ವೇಷ ಹಾಕಿಕೊಂಡು ಮತ್ತೆ ಒಳಗೆ ಹೋಯಿತು.

"ಮಾಲೆ ಅಂಗಡಿಯವ ವಾಪಸ್ ತಗೊಳಲ್ಲ" ಎಂದು ಶ್ಯಾಮಲಕ್ಕ ಅದನ್ನು ಪೆಟ್ಟಿಗೆಗೇ ತೊಡಿಸಿ ಫೋನ್ ಎತ್ತಿದರು. "ತಂದೆಯವರೂ ಪಕ್ಕಕ್ಕೆ ಬನ್ನಿ, ಒಂದು ಫೋಟೋ."

ಅಷ್ಟರಲ್ಲಿ ಬಿಂದುವಿನ ಫೋನ್ ಬಂತು. "ಅಪ್ಪ, ಸಾಗರಕ್ಕೆ ಆರ್ಡರ್ ಆಯ್ತಾ?"

"ಆಯ್ತು ಪುಟ್ಟಿ."

"ಸೋಮವಾರ ಬರ್ತೀಯಲ್ಲ?"

ಸೇವಂತಿಗೆ ಹೊತ್ತು ಗುಂಯ್‌ಗುಡುತ್ತಿದ್ದ ಪೆಟ್ಟಿಗೆಯನ್ನು ರವೀಶ ಒಮ್ಮೆ ನೋಡಿದ.

"ಆರ್ಡರ್ ನಂಗಲ್ಲ ಪುಟ್ಟಿ" ಎಂದ, "ನಿನ್ನ ತಮ್ಮನಿಗೆ."